ಇಳೀರಿ, ಕೂಡ್ರಿ

ಗದಗಿನ ಕಡೆ ಮಳೆ ಬಿದ್ದ ಮರುದಿನ ಎರಿ ಹೊಲದ ದಾರಿಯಲ್ಲಿ ಕಾರು ಹುಗಿದರೆ, ಒಳಗಿದ್ದವರ ಪಾಡು ಕಾರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಅಂಬಾಸಿಡರ್ ಆದರೆ ಡ್ರೈವರ್ "ಎಲ್ಲಾರೂ ಹಿಂದ ಕೂಡ್ರಿ" ಅಂತಾನೆ. ಮಾರುತಿ 800 ಆದರೆ "ಎಲ್ಲಾರೂ ಇಳೀರಿ".

ಕಾರಣ ಇಷ್ಟೇ. ಅಂಬಾಸಿಡರಿಗೆ ಎಂಜಿನ್ನಿನ ಜೋರು ಸಿಗುವುದು ಹಿಂದಿನ ಗಾಲಿಗೆ. ಲಗ್ನದ ಊಟ ಮುಗಿಸಿದ ನಾಲ್ವರು ಹಿಂದೆ ಕೂತರೆ ಗಾಲಿ ನೆಲ ಕಚ್ಚುತ್ತದೆ. ಮಾರುತಿಯನ್ನು ಎಳೆಯುವುದು ಮುಂದಿನ ಗಾಲಿ. ಹಿಂದೆ ಕೂತವರು ಬರೀ ಭಾರ. ಖಾಲಿ ಗಾಡಿ ಸುಮಾರು 650 ಕಿಲೋ, 12 ಇಂಚಿನ ಗಾಲಿ. ಆರು ಮಂದಿ ಕೈ ಹಾಕಿದರೆ ಒಂದೊಂದೇ ಮಗ್ಗಲು ಎತ್ತಿ ಗಟ್ಟಿ ನೆಲಕ್ಕೆ ಸರಿಸಬಹುದು. ಅಂಬಾಸಿಡರ್ ಎತ್ತಲು ಹೋದವ ಮರುದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ.

ಎರಡರಲ್ಲೂ ಆಕ್ಸಿಲರೇಟರ್ ಮಾತ್ರ ಒತ್ತಬಾರದು. ಎರಿಮಣ್ಣು ಟಾಯರಿನ ಗೆರೆ ತುಂಬಿ, ಗಾಲಿ ನಾದಿಟ್ಟ ಹಿಟ್ಟಿನಂತೆ ನುಣ್ಣಗಾಗುತ್ತದೆ. ಗೆರೆಯ ಮಣ್ಣು ಕೆದರಿ, ಎಳೆಯುವ ಗಾಲಿಗೆ ಗೋಣಿಚೀಲ ಕೊಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಬೇಕು. ಹಿಂದೆ ಯಾರೂ ನಿಲ್ಲಬೇಡಿ. ಗಾಲಿ ಒಗೆದ ಚೀಲ ಬಿಳಿ ಧೋತರದವರನ್ನೇ ಹುಡುಕಿಕೊಂಡು ಹೋಗುತ್ತದೆ.

ಏಪ್ರಿಲ್ ಬಿಸಿಲಿಗೆ ಜಡ್ಡು ಬೇರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವುದು 20 ಕಿಲೋಮೀಟರ್. ಅಷ್ಟರಲ್ಲೇ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಒಮ್ಮೆ ಕೆಮ್ಮಿ ನಿಲ್ಲಬಲ್ಲದು. ಎಂಜಿನ್ನಿನ ಮೈಗೇ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಪೆಟ್ರೋಲ್ ತಳ್ಳುವ ಪಂಪಿನ ಪರದೆ, ಡಯಾಫ್ರಮ್, ಎಷ್ಟು ಬಡಿದುಕೊಂಡರೂ ಆವಿ ಒತ್ತಿಕೊಳ್ಳುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಪಂಪಿಗೂ ಪೈಪಿಗೂ ಹಸಿ ಅರಿವಿ ಸುತ್ತಿ ಹತ್ತು ನಿಮಿಷ ಕಾಯಬೇಕು. ಅರಿವಿ ಯಾರದು ಅನ್ನುವ ವಾದಕ್ಕೆ ಅಷ್ಟು ಹೊತ್ತು ಸಾಕು.

ಗೇರಿನದು ಇನ್ನೊಂದು ತಮಾಷೆ. ಅಂಬಾಸಿಡರಿನ ಸ್ಟೇರಿಂಗ್ ಪಕ್ಕದ ಗೇರಿನ ಬುಷ್, ಅಂದರೆ ಸಂದಿನ ಬಳೆ, ಸವೆದರೆ ಹಿಡಿಕೆಯನ್ನು ಗೇರಿಗೆ ಜೋಡಿಸುವ ಸರಳು, ಅದೇ ಲಿಂಕ್, ನಡುವೆ ಸಿಕ್ಕಿ, ಹಿಡಿಕೆ ಹಟ ಹಿಡಿಯುತ್ತದೆ. ಬಾನೆಟ್ ಎತ್ತಿ ಲಿಂಕ್ ಕೈಯಿಂದ ಸರಿಸಿದರೆ ಮತ್ತೆ ನ್ಯೂಟ್ರಲ್. ಇನ್ನು ಕಿಡಿಯ ಮಾತು. ಕಿಡಿ ಹುಟ್ಟಿಸುವ ಕಾಯಿಲಿಗೆ ಕರೆಂಟ್ ಕೊಟ್ಟು ಕಡಿಯುವ ಪಾಯಿಂಟುಗಳ ನಡುವಿನ ಸಂದು, ಅಂದರೆ ಪಾಯಿಂಟ್ ಗ್ಯಾಪ್, 0.015 ಇಂಚು. ಅದನ್ನು ಅಳೆಯುವ ಫೀಲರ್ ಗೇಜ್ ಇಲ್ಲದವರು ಲಗ್ನಪತ್ರಿಕೆಯ ತುಂಡು ತೂರಿಸುತ್ತಾರೆ. ದಪ್ಪ ಕಾಗದದಲ್ಲಿ ಮುದ್ರಿಸಿದ ಶ್ರೀಮಂತರ ಪತ್ರಿಕೆ ತೂರಿಸಬೇಡಿ. ಗ್ಯಾಪ್ ಹೆಚ್ಚಾದರೆ ಕಾಯಿಲ್ ಪೂರಾ ತುಂಬಿಕೊಳ್ಳುವುದಿಲ್ಲ, ವೇಗದಲ್ಲಿ ಕಿಡಿ ಸೊರಗುತ್ತದೆ.

1983ರ ಡಿಸೆಂಬರಿನಲ್ಲಿ ಬಂದ 796 ಸಿಸಿಯ ಮಾರುತಿಗೆ ಇಷ್ಟು ರಗಳೆ ಇಲ್ಲ. ಆದರೆ ಅದರ ರೇಡಿಯೇಟರ್ ಫ್ಯಾನ್ ಕರೆಂಟಿನದು. ಫ್ಯೂಸೋ, ಕಾವು ನೋಡಿ ಫ್ಯಾನ್ ಹಚ್ಚುವ ಥರ್ಮೋ ಸ್ವಿಚ್ಚೋ ಹೋದರೆ ಓಡುವಾಗ ಏನೂ ಗೊತ್ತಾಗುವುದಿಲ್ಲ, ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ನಿಂತಾಗ ಕಾವಿನ ಮುಳ್ಳು ಏರುತ್ತದೆ. ಎಂಜಿನ್ನಿನ ಮೇಲ್ಭಾಗ, ಹೆಡ್, ಅಲ್ಯೂಮಿನಿಯಮ್ಮಿನದು, ಕಾಯ್ದರೆ ಸೊಟ್ಟಗಾಗಿ ಅದರ ಕೆಳಗಿನ ಪದರ, ಗ್ಯಾಸ್ಕೆಟ್, ಹೋಗುತ್ತದೆ. ಹೀಟರ್ ಇದ್ದರೆ ಪೂರ್ತಿ ಬಿಟ್ಟು, ಕಿಟಕಿ ಇಳಿಸಿ, ಬೆವರುತ್ತ ಬದಿಗೆ ತನ್ನಿ. ಎಂಜಿನ್ ಬಂದ್ ಮಾಡಿ. ರೇಡಿಯೇಟರ್ ಮುಚ್ಚಳ ಮಾತ್ರ ಅರ್ಧ ತಾಸು ಮುಟ್ಟಬೇಡಿ.

ಆ ಅರ್ಧ ತಾಸಿನಲ್ಲಿ ಹಳೇ ಅಂಬಾಸಿಡರಿನವನೊಬ್ಬ ಬಂದೇ ಬರುತ್ತಾನೆ, ಹಸಿ ಅರಿವಿ ಹಿಡಿದುಕೊಂಡು: "ತಗೋರಿ ಸಾಹೇಬ್ರ, ಪಂಪಿಗೆ ಸುತ್ತ್ರಿ!"