ಬಡವರ ಮನೆಯ ಇಂಟರ್ನೆಟ್‌ಗೆ ಸರ್ಕಾರ ರಿಯಾಯಿತಿ ಕೊಡಬೇಕೇ?

ಪರ

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಟ್ರಾಲರ್‌ಗಳು ಲಂಗರು ಹಾಕುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಯಲ್ಲಿ ದುಡಿಯುವವರ ಕೈಯಲ್ಲಿ ಕಾಸಾಡದ ಕಾಲ ಅದು. ಮಕ್ಕಳ ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಪುಸ್ತಕ, ಕೊಡೆ, ಶುಲ್ಕ ಎಲ್ಲ ಒಟ್ಟಿಗೆ ಬಂದಾಗ ಮೊದಲು ನಿಲ್ಲುವುದು ಮೊಬೈಲ್ ರೀಚಾರ್ಜ್.

ಮೊಬೈಲ್ ಇದೆಯಲ್ಲ, ಮನೆಗೆ ಬೇರೆ ಲೈನ್ ಏಕೆ ಎಂದು ಕೇಳುವವರು ಸಂಜೆ ಏಳಕ್ಕೆ ಇಂಥದೊಂದು ಮನೆಗೆ ಹೋಗಿ ನೋಡಬೇಕು. ಇರುವುದು ಒಂದೇ ಫೋನ್. ಅಪ್ಪ ಸಮುದ್ರಕ್ಕೆ ಹೋದರೆ ಅದೂ ಅವನ ಜೊತೆ ಹೋಗುತ್ತದೆ. ಅವನು ದಡದಲ್ಲಿರುವ ದಿನ ಅಕ್ಕ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾಳೆ, ತಮ್ಮ ಗಣಿತದ ಪಾಠಕ್ಕಾಗಿ ಪಕ್ಕದಲ್ಲಿ ಕಾದು ಕುಳಿತಿರುತ್ತಾನೆ. ಜಾತಿ ಪ್ರಮಾಣಪತ್ರ ಅಪ್‌ಲೋಡ್ ಆಗುವ ಮೊದಲೇ ದಿನದ ಡೇಟಾ ಮುಗಿದಿರುತ್ತದೆ. 28 ದಿನದ ಪ್ಲಾನ್ ಎಂದರೆ ವರ್ಷಕ್ಕೆ 12 ಅಲ್ಲ, 13 ಸಲ ಹಣ ಕಟ್ಟಬೇಕು. ಮನೆಗೆ ಲೈನ್ ಹಾಕಿಸೋಣವೆಂದರೆ 400 ರೂಪಾಯಿಯ ಪ್ಲಾನ್ ಶೇ 18ರ ಜಿಎಸ್‌ಟಿ ಸೇರಿ 472 ಆಗುತ್ತದೆ.

ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ 2019ರಲ್ಲೇ ಹೇಳಿದೆ. ಅಲ್ಲಿನ ಸರ್ಕಾರ 2023ರಲ್ಲಿ ಕೆ-ಫೋನ್ ಎಂಬ ತನ್ನದೇ ಇಂಟರ್ನೆಟ್ ಜಾಲ ಉದ್ಘಾಟಿಸಿ, ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡಲು ಹೊರಟಿತು. ನಾನು ಉಚಿತ ಕೇಳುತ್ತಿಲ್ಲ. ಬಿಪಿಎಲ್ ಕಾರ್ಡ್ ಇರುವ ಮನೆಗೆ ಅರ್ಧ ದರವಿರಲಿ. ನಿಷೇಧದ ಎರಡು ತಿಂಗಳು ಬಿಲ್ ಕಟ್ಟಲಾಗದಿದ್ದರೂ ಲೈನ್ ಕಡಿಯದಿರಲಿ.

ವಿರೋಧ

ಅರ್ಧ ದರವೆಂದು ಘೋಷಿಸಿದರೆ ಅದು ಮೊದಲು ತಲುಪುವುದು ಈಗಾಗಲೇ ಲೈನ್ ಇರುವ ಪೇಟೆಯ ಬೀದಿಗಳಿಗೆ. ಜೋಯಿಡಾದ ಕಾಡೊಳಗಿನ ಮನೆಗೆ ರಿಯಾಯಿತಿ ಕೊಡಲು ಲೈನೇ ಇಲ್ಲ. ಅಲ್ಲಿಯವರ ಬಡತನ ಪೇಟೆಯವರದ್ದಕ್ಕಿಂತ ಕಡಿಮೆಯದೇನಲ್ಲ.

ಲೈನ್ ಇರುವ ಹಳ್ಳಿಗಳ ಪಾಡನ್ನೂ ಹೇಳಬೇಕು. ಶಿರಸಿ ಕಡೆಯ ನಮ್ಮ ಊರಿನಲ್ಲಿ ಕೇಬಲ್ ಕಂಬದಿಂದ ಕಂಬಕ್ಕೆ ಬರುತ್ತದೆ; ಕಂಬ ಮುಗಿದಲ್ಲಿ ಮರದಿಂದ ಮರಕ್ಕೆ. ಆಷಾಢದ ಗಾಳಿಗೆ ಒಂದು ಅಡಿಕೆ ಮರ ಉರುಳಿದರೆ ರೂಟರಿನಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಆ ದೀಪ ಹನ್ನೊಂದು ದಿನ ಆರಲಿಲ್ಲ. ದೂರು ಕೊಟ್ಟೆವು, ಮತ್ತೆ ಕೊಟ್ಟೆವು. ತಿಂಗಳ ಕೊನೆಗೆ ಬಿಲ್ ಪೂರ್ತಿ ಬಂತು. ಅದು ಅರ್ಧಕ್ಕೆ ಬಂದಿದ್ದರೂ ನಮಗೆ ಏನು ಸಿಕ್ಕಂತಾಗುತ್ತಿತ್ತು?

ಅಮೆರಿಕದಲ್ಲಿ ಬಡ ಕುಟುಂಬಗಳ ಬಿಲ್ಲಿಗೆ ತಿಂಗಳಿಗೆ 30 ಡಾಲರ್‌ವರೆಗೆ ನೆರವು ಕೊಡುತ್ತಿದ್ದ ಯೋಜನೆಯೊಂದಿತ್ತು. ಅದನ್ನು ನೆಚ್ಚಿಕೊಂಡವು ಸುಮಾರು 2.3 ಕೋಟಿ ಕುಟುಂಬಗಳು. 2024ರಲ್ಲಿ ಹಣ ಬರಿದಾಗಿ ಯೋಜನೆ ನಿಂತಿತು. ಬಜೆಟ್ಟಿಗೆ ಜೋತುಬಿದ್ದ ರಿಯಾಯಿತಿಗೆ ನಮ್ಮಲ್ಲೂ ಅದೇ ಗತಿ ಬರಬಹುದೆಂಬುದು ನನ್ನ ಭಯ. ಹೂತ ಕೇಬಲ್ಲಾದರೆ ಸರ್ಕಾರ ಬದಲಾದರೂ ನೆಲದಲ್ಲೇ ಇರುತ್ತದೆ.

2011ರಲ್ಲಿ ಒಪ್ಪಿಗೆ ಪಡೆದ ಯೋಜನೆ ಇಂದಿನ ಭಾರತ್‌ನೆಟ್. ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್ ಕೇಬಲ್ ಮುಟ್ಟಿಸುವುದು ಕೇಂದ್ರ ಸರ್ಕಾರದ ಆ ಯೋಜನೆಯ ಮೂಲ ಗುರಿ. ಪಂಚಾಯಿತಿ ಕಚೇರಿಯಿಂದ ಕೊನೆಯ ಮನೆಯವರೆಗಿನ ದಾರಿಗೆ ಹಣ ಸುರಿಯಲಿ, ಮಳೆಗಾಲದಲ್ಲಿ ಹೋಬಳಿಗೊಬ್ಬ ಲೈನ್‌ಮನ್ ಇರಲಿ, ಮೂರು ದಿನ ಲೈನ್ ಸತ್ತರೆ ಆ ತಿಂಗಳ ಬಿಲ್ ಮನ್ನಾ ಆಗಲಿ.