ಬೀಗದ ಕೈ ಯಾರ ಬಳಿ ಇರಬೇಕು?

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನನ್ನದೇ ಮನೆಯ ಬಾಗಿಲಲ್ಲಿ ಕಾಲು ಗಂಟೆ ನಿಂತು ವಾಪಸು ಬಂದೆ. ಮೈಸೂರಿನ ಸರಸ್ವತಿಪುರಂನಲ್ಲಿ ಅಪ್ಪ ಕಟ್ಟಿಸಿದ ಮನೆ, ಈಗ ನನ್ನ ಹೆಸರಿನಲ್ಲಿದೆ. ಮಹಡಿಯ ಬಚ್ಚಲನ್ನೂ ಕೆಳಗಿನ ಅಡುಗೆಮನೆಯನ್ನೂ ಒಡೆದು ಹೊಸದಾಗಿ ಮಾಡಿಸಲು ಗುತ್ತಿಗೆ ಕೊಟ್ಟು, ನಾವು ಎರಡು ಬೀದಿ ಆಚೆ ಬಾಡಿಗೆಗೆ ಹೋಗಿದ್ದೆವು. ಬಾಗಿಲಲ್ಲಿ ನಮ್ಮ ಬೀಗವಿರಲಿಲ್ಲ, ಹೊಸದೊಂದು ನೇತಾಡುತ್ತಿತ್ತು. ಫೋನ್ ಮಾಡಿದರೆ ಗುತ್ತಿಗೆದಾರರು, "ವೈರು, ಕಟಿಂಗ್ ಮಷೀನು ಎಲ್ಲ ಒಳಗಿದೆ ಮೇಡಂ, ಕಳುವಾದರೆ ನನ್ನ ತಲೆಗೆ ಬರುತ್ತದೆ. ಬರುವ ಮುಂಚೆ ಹೇಳಿ, ಹುಡುಗನನ್ನು ಕಳುಹಿಸುತ್ತೇನೆ" ಎಂದರು.

ಅವರ ಭಯ ಸುಳ್ಳಲ್ಲ. ಕೆಲಸ ನಡೆಯುವ ಮನೆಯಿಂದ ತಾಮ್ರದ ವೈರಿನ ಸುರುಳಿ ಮಾಯವಾದರೆ ಆ ನಷ್ಟ ಅವರದೇ. ಆದರೆ ಬೀಗಕ್ಕೆ ಎರಡು ಕೈ ಇರುತ್ತವಲ್ಲ? ಒಂದು ನನಗೆ ಕೊಡಬಹುದೆಂದು ಅವರಿಗೆ ಹೊಳೆಯಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಅಂದು ನನಗೆ ಸಂಕಟವಾದದ್ದು ಮರ್ಯಾದೆಯ ವಿಚಾರಕ್ಕಲ್ಲ. ಹಿಂದಿನ ದಿನವಷ್ಟೇ ಅಡುಗೆಮನೆಗೆ ಅಟ್ಟ ಹಾಕಿದ್ದರು. ಭಾನುವಾರ ಕೆಲಸದವರಿಗೆ ರಜೆ. ಹಾಗಾದರೆ ಕಾಂಕ್ರೀಟಿಗೆ ನೀರು ಹೊಡೆಯುವವರು ಯಾರು? ನಮ್ಮಲ್ಲಿ ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಬೆಳಿಗ್ಗೆ ಸಂಜೆ ಪೈಪು ಹಿಡಿದು ನಿಂತ ಕಥೆ ಹೇಳುತ್ತಾರೆ. ಅಪ್ಪ ಕಚೇರಿಗೆ ಹೊರಡುವ ಮುನ್ನ ಪಂಚೆ ಎತ್ತಿ ಕಟ್ಟಿ ಗೋಡೆಗೆ ನೀರು ಹಾಕುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕಾಂಕ್ರೀಟ್ ಕೆಲಸಕ್ಕೆ ದೇಶವೆಲ್ಲ ಅನುಸರಿಸುವ ಐಎಸ್ 456 ಮಾನಕವೂ ಅದನ್ನೇ ಹೇಳುತ್ತದೆ: ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿಯಂಥವು (ಫ್ಲೈ ಆಶ್, ಕಲ್ಲಿದ್ದಲು ಸುಟ್ಟುಳಿದ ಬೂದಿ) ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ಮೇಲ್ಮೈ ಒದ್ದೆಯಾಗಿರಬೇಕು. ನಮ್ಮ ಮನೆಗೆ ಬಂದದ್ದು ಹಾರುಬೂದಿ ಬೆರೆತ ಚೀಲಗಳೇ. ಆ 10 ದಿನಗಳಲ್ಲಿ ಒಂದಾದರೂ ಭಾನುವಾರ ಬಂದೇ ಬರುತ್ತದೆ. ಮನೆಯೊಡತಿಯನ್ನು ಹೊರಗಿಟ್ಟು ಬೀಗ ಹಾಕಿದರೆ ಒಳಗೆ ಅಟ್ಟ ಒಣಗುತ್ತಿರುತ್ತದೆ. ಸಂಜೆ ಆ ಹುಡುಗ ಬಂದು ಬಾಗಿಲು ತೆಗೆದಾಗ, ಅಟ್ಟದ ಮೇಲೆ ನೆನೆಸಿ ಹೊದಿಸಿದ್ದ ಗೋಣಿಚೀಲಗಳು ಒಣಗಿ ಗರಿಗರಿಯಾಗಿದ್ದವು.

ಸೋಮವಾರ ಕೀಲಿ ಕೇಳಿ ಪಡೆದೆ. ಕೊಡುವಾಗ ಗುತ್ತಿಗೆದಾರರು ನನ್ನ ಗಂಡನ ಮುಖ ನೋಡಿ, "ಯಜಮಾನರೇ ಇಟ್ಟುಕೊಳ್ಳಿ ಸರ್" ಎಂದರು. ಕರಾರಿಗೆ ಸಹಿ ಹಾಕಿದ್ದೂ ನಾನೇ, ಪ್ರತಿ ಶನಿವಾರ ಬಟವಾಡೆಗೆ ಮುಂಚೆ ಹಣ ಕಳುಹಿಸುತ್ತಿದ್ದದ್ದೂ ನಾನೇ. ನನ್ನ ಗಂಡನಿಗೆ ಟೈಲ್ಸಿಗೂ ಗ್ರಾನೈಟಿಗೂ ವ್ಯತ್ಯಾಸ ಗೊತ್ತಿಲ್ಲ. ಪಾಪ, ಅವರೇ ಕೀಲಿಯನ್ನು ನನ್ನ ಕೈಗೆ ದಾಟಿಸಿದರು. ಇದರ ಬಗ್ಗೆ ಬೇರೆಯೇ ಒಂದು ಬರಹ ಬರೆಯಬಹುದು, ಇರಲಿ.

ಕೀಲಿ ಕೈಗೆ ಬಂದ ಮೇಲೆ ಕಂಡದ್ದು ಬಚ್ಚಲಿನ ವಿಷಯ. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ ನೀರು ಹೋಗುವ ಕಿಂಡಿಗಳನ್ನು ಮುಚ್ಚಿ, ನೆಲದ ತುಂಬ ನೀರು ನಿಲ್ಲಿಸಿ, ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಬಿಟ್ಟು, ಕೆಳಗಿನ ಕೋಣೆಯ ಚಾವಣಿ ಒದ್ದೆಯಾಗಿದೆಯೇ ಎಂದು ನೋಡಬೇಕು. ಟೈಲ್ಸ್ ಕೂರಿಸುವುದು ಆಮೇಲೆ. ನಮ್ಮಲ್ಲಿ ಮಧ್ಯಾಹ್ನ ನೀರು ನಿಲ್ಲಿಸಿ, ಸಂಜೆ ಐದಕ್ಕೆಲ್ಲ ಹೊರಹಾಕಿ, ಮರುದಿನದ ಟೈಲ್ಸಿಗೆ ಸಿದ್ಧಮಾಡುತ್ತಿದ್ದರು. ನಾನು ಹೋಗದಿದ್ದರೆ "ಟೆಸ್ಟ್ ಆಯಿತು ಮೇಡಂ" ಎಂಬ ಮಾತನ್ನು ನಂಬುತ್ತಿದ್ದೆ. ಮತ್ತೆ ನೀರು ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಕೆಳಗೆ, ಪೈಪು ಇಳಿಯುವ ಮೂಲೆಯಲ್ಲಿ, ಅಂಗೈಯಷ್ಟು ಅಗಲದ ತೇವ ಕಾಣಿಸಿತು. ಗುತ್ತಿಗೆದಾರರು ಒಂದು ಮಾತೂ ಆಡದೆ ಆ ಮೂಲೆಯನ್ನು ಮತ್ತೆ ಮಾಡಿಸಿದರು. ಅದಕ್ಕೆ ಅವರನ್ನು ಮೆಚ್ಚಲೇಬೇಕು.

ಗೋಡೆಯೊಳಗೆ ಹೋಗುವ ಪೈಪು, ವೈರುಗಳನ್ನೂ ಗಾರೆ ಬಳಿಯುವ ಮುನ್ನ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಂಡೆ. ಮೊನ್ನೆ ಗೀಸರ್ ಕೂರಿಸಲು ಬಂದವನು ಡ್ರಿಲ್ ಹಚ್ಚಲು ಹೊರಟ ಜಾಗದ ಹಿಂದೆಯೇ ಬಿಸಿನೀರಿನ ಪೈಪು ಇತ್ತು.

ಇಷ್ಟಾದ ಮೇಲೆ ನನಗೆ ಸ್ವಲ್ಪ ತಲೆ ತಿರುಗಿತು. ದಿನಕ್ಕೆ ಎರಡು ಸಲ ಹೋಗತೊಡಗಿದೆ. ಒಂದು ದಿನ ಟೈಲ್ಸ್ ಕೆಲಸದವನಿಗೆ, ಮೇಸ್ತ್ರಿಯನ್ನು ಕೇಳದೆ, ನಲ್ಲಿಯನ್ನು ಅರ್ಧ ಅಡಿ ಬಲಕ್ಕೆ ಸರಿಸಲು ಹೇಳಿಬಿಟ್ಟೆ. ರಾಜಸ್ಥಾನದ ಹುಡುಗ, ನನ್ನ ಹರಕು ಹಿಂದಿಗೆ ತಲೆಯಾಡಿಸಿದ. ನನ್ನ ನಾದಿನಿ ಅದೇ ದಿನ ಬಂದು ಸಿಂಕ್ ಈಶಾನ್ಯಕ್ಕಿರಲಿ ಎಂದು ಹೇಳಿ ಹೋಗಿದ್ದಳಂತೆ. ಒಟ್ಟಿನಲ್ಲಿ ಕೂರಿಸಿದ ಸಾಲು ಒಡೆಯಬೇಕಾಯಿತು, ಒಂದು ದಿನದ ಕೂಲಿ ಹಾಳು. ಗುತ್ತಿಗೆದಾರರು ಅಂದು ನಿಜವಾಗಿಯೂ ಸಿಟ್ಟಾದರು: "ಇವರಿಗೆ ಮೇಸ್ತ್ರಿ ಯಾರು ಮೇಡಂ, ನೀವಾ ನಾನಾ?" ನನ್ನ ಬಳಿ ಉತ್ತರವಿರಲಿಲ್ಲ. ಆ ದಿನದ ಕೂಲಿಯನ್ನು ನಾನೇ ಕೊಟ್ಟೆ.

ನನ್ನ ಅಭಿಪ್ರಾಯ ಅಲ್ಲಿಂದ ಈಚೆಗೆ ಬದಲಾಗಿಲ್ಲ. ಕೀಲಿ ಮನೆಯವರ ಬಳಿ ಇರಲೇಬೇಕು. ಅದನ್ನು ದಾಕ್ಷಿಣ್ಯಕ್ಕೆ ಬಿಡದೆ ಕರಾರಿನಲ್ಲಿ ಬರೆಯಬೇಕು. ಆದರೆ ಒಳಗೆ ಹೋಗಿ ನೋಡುವುದು ಬೇರೆ, ಒಳಗೆ ಹೋಗಿ ಕೆಲಸ ಹೇಳುವುದು ಬೇರೆ. ಹೇಳುವುದೇನಿದ್ದರೂ ಮೇಸ್ತ್ರಿಗೆ ಅಥವಾ ಗುತ್ತಿಗೆದಾರರಿಗೆ ಹೇಳಬೇಕು, ಬದಲಾವಣೆಯಾದರೆ ಅದರ ದರವನ್ನೂ ಅಂದೇ ಮಾತಾಡಬೇಕು. ಬಾಯಿಮಾತಿನ ಒಪ್ಪಂದಕ್ಕೂ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿದೆ, ನಿಜ. ಆದರೆ ಯಾರು ಏನು ಹೇಳಿದರು ಎಂದು ತೋರಿಸಲು ನಿಮ್ಮ ಬಳಿ ಏನಿರುತ್ತದೆ?

ಇನ್ನೊಂದು ಬಾಗಿಲಿನ ಮಾತೂ ಇದೆ. ಕೆಲಸದವರಿಗೆ ಶೌಚಾಲಯ. ನಾವು ಹೊರಗಿನ ಶೌಚಾಲಯಕ್ಕೆ ಬೀಗ ಹಾಕಿ ಕೀಲಿಯನ್ನು ಬಾಡಿಗೆ ಮನೆಗೆ ಒಯ್ದಿದ್ದೆವು. ಗಾರೆ ಕೆಲಸಕ್ಕೆ ಬರುತ್ತಿದ್ದ ರಾಯಚೂರು ಕಡೆಯ ಹೆಂಗಸರಿಬ್ಬರು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ. ಹೊಸ ಬೀಗದ ಬಗ್ಗೆ ಅಷ್ಟು ಕೂಗಾಡಿದವಳು ನಾನೇ.

ಈ ಬೇಸಿಗೆಯಲ್ಲಿ ತಾರಸಿಯ ಕೆಲಸವಿದೆ, ಅದೇ ಗುತ್ತಿಗೆದಾರರು ಮಾಡುತ್ತಾರೆ. ಕಾಗದದಲ್ಲಿ ಹೀಗೆ ಬರೆದೆ: ಒಂದು ಕೀಲಿ ನನಗೆ, ಬುಧವಾರ ಮತ್ತು ಶನಿವಾರ ಸಂಜೆ ಐದಕ್ಕೆ ಒಟ್ಟಿಗೆ ನೋಡುವುದು, ನೀರಿನ ಪರೀಕ್ಷೆ ನನ್ನೆದುರಿಗೇ, ಹೊರಗಿನ ಶೌಚಾಲಯ ಕೆಲಸದವರಿಗೆ ತೆರೆದಿರುವುದು. ಓದಿ, ಪೆನ್ನು ಕೇಳಿ ಪಡೆದು, ತಮ್ಮದೊಂದು ಸಾಲು ಸೇರಿಸಿದರು: "ಮೇಡಂ ಒಬ್ಬರೇ ಮಾತಾಡತಕ್ಕದ್ದು, ಅವರ ನಾದಿನಿ ಅಲ್ಲ."

ಸಹಿ ಹಾಕಿದ್ದೇನೆ. ನಾದಿನಿಗೆ ಇನ್ನೂ ಹೇಳಿಲ್ಲ.