ಮೊದಲು ಫಾರ್ಮ್ಯಾಟ್ ಹೇಳಿ, ಕೈಪಿಡಿ ಆಮೇಲೆ

ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್ ಯೋಜನೆಯೊಂದರಲ್ಲಿ ಯಾರೋ ಒಬ್ಬರು "ನಮ್ಮ ಡಾಕ್ಯುಮೆಂಟೇಶನ್ ಸರಿಯಿಲ್ಲ, ಯಾರಾದರೂ ಬರೀತೀರಾ?" ಅಂತ ಕೇಳಿದರು ಅಂದುಕೊಳ್ಳಿ. ಒಬ್ಬರೂ ಉಸಿರೆತ್ತುವುದಿಲ್ಲ. ಅದೇ ಮನುಷ್ಯ "ಡಾಕ್ಯುಮೆಂಟೇಶನ್‌ಗೆ ಮಾರ್ಕ್‌ಡೌನ್ ಬಳಸೋಣವೇ?" ಅಂತ ಕೇಳಲಿ, ನೋಡಿ ಮಜಾ. ವರ್ಷಗಟ್ಟಲೆ ಪತ್ತೆಯಿಲ್ಲದಿದ್ದ ಡೆವಲಪರುಗಳೂ ಎದ್ದು ಬರುತ್ತಾರೆ. ಮಾರ್ಕ್‌ಡೌನ್ ಅಂದರೆ ಸಾದಾ ಅಕ್ಷರ, ಚಿಹ್ನೆಗಳಲ್ಲೇ ಶೀರ್ಷಿಕೆ, ಪಟ್ಟಿ ಎಲ್ಲ ಗುರುತಿಸುವ ಒಂದು ಬರವಣಿಗೆ ಫಾರ್ಮ್ಯಾಟ್.

ಒಬ್ಬರಿಗೆ ಮಾರ್ಕ್‌ಡೌನ್ ಸಾಕು. ಇನ್ನೊಬ್ಬರಿಗೆ ಅದರಲ್ಲಿ ಏನೂ ಇಲ್ಲ, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಬೇಕು. ಮೂರನೆಯವರು ಆಸ್ಕಿಡಾಕ್ ಪಕ್ಷ. ಎಲ್ಲವೂ ಇಂಥ ಫಾರ್ಮ್ಯಾಟುಗಳೇ. ಮೂಲೆಯಲ್ಲಿ ಡಾಕ್‌ಬುಕ್ ಅನ್ನೋ ಹಳೆಯ ಫಾರ್ಮ್ಯಾಟಿನ ಕಾಲದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಒಂದು ಪ್ಯಾರಾಕ್ಕೂ ಟ್ಯಾಗ್ ತೆರೆದು, ಟ್ಯಾಗ್ ಮುಚ್ಚಿ ಬರೆದವರು. ಕಷ್ಟಪಡದೆ ಬರೆದದ್ದು ಬರವಣಿಗೆಯೇ ಅಲ್ಲ ಅಂತ ಅವರ ನಂಬಿಕೆ.

ಮಾರ್ಕ್‌ಡೌನ್ ಸುಲಭ ಅನ್ನೋರ ಮಾತನ್ನೇ ತಗೊಳ್ಳಿ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಹೊರತಂದಾಗ ಸುಲಭವಾಗಿಯೇ ಇತ್ತು. ಸಾಲು ಮುರಿಯಬೇಕಾ? ಕೊನೆಯಲ್ಲಿ ಎರಡು ಸ್ಪೇಸ್ ಬಿಡಿ, ಅಷ್ಟೇ. ಕಣ್ಣಿಗೆ ಕಾಣದ ಎರಡು ಸ್ಪೇಸ್! ಸಾಲಿನ ಕೊನೆಯ ಸ್ಪೇಸ್ ಅಂದರೆ ಕಸ ಅಂತ ಫೈಲ್ ಉಳಿಸುವಾಗಲೇ ಗುಡಿಸಿಬಿಡುವ ಎಡಿಟರ್ ತಂತ್ರಾಂಶಗಳೂ ಇವೆ. ಆಮೇಲೆ ಒಬ್ಬೊಬ್ಬರದು ಒಂದೊಂದು ಮಾರ್ಕ್‌ಡೌನ್ ಆಯಿತು. ಈ ಗೊಂದಲ ಬಿಡಿಸಲು 2014ರಲ್ಲಿ ಕೆಲವರು 'ಸ್ಟ್ಯಾಂಡರ್ಡ್ ಮಾರ್ಕ್‌ಡೌನ್' ಅಂತ ಶುರು ಮಾಡಿದರು. ಜಗಳ ಹೆಸರಿಗೇ ಬಿತ್ತು. ಗ್ರೂಬರ್ ಒಪ್ಪಲಿಲ್ಲ, ಕೆಲವೇ ದಿನಗಳಲ್ಲಿ ಅದು 'ಕಾಮನ್‌ಮಾರ್ಕ್' ಆಯಿತು. ಹತ್ತು ವರ್ಷದ ಮೇಲೆ, 2024ರಲ್ಲಿ ಬಂದ ಅದರ ಆವೃತ್ತಿಯ ಸಂಖ್ಯೆ 0.31.2. 1.0 ಮುಟ್ಟೋಕೆ ಅವಸರ ಏನಿದೆ, ಅಲ್ವಾ?

ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನವರು ಶಿಸ್ತಿನ ಜನ. ಅಲ್ಲಿ ಶೀರ್ಷಿಕೆಯ ಕೆಳಗಿನ ಗೆರೆ ಶೀರ್ಷಿಕೆಗಿಂತ ಗಿಡ್ಡವಾದರೆ ತಕ್ಷಣ ಎಚ್ಚರಿಕೆ ಬರುತ್ತದೆ. ಗೆರೆಯ ಕೆಳಗೆ ಬರೆದದ್ದು ಶುದ್ಧ ಸುಳ್ಳಾಗಿದ್ದರೆ? ಯಾವ ಎಚ್ಚರಿಕೆಯೂ ಇಲ್ಲ.

ಇನ್ನು ವಲಸೆಯ ಸಂಭ್ರಮ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 2016ರಲ್ಲಿ, 4.8ನೇ ಆವೃತ್ತಿಯ ಹೊತ್ತಿಗೆ, ಡಾಕ್‌ಬುಕ್ ಬಿಟ್ಟು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಿಂದ ಪುಟ ಕಟ್ಟುವ ಸ್ಫಿಂಕ್ಸ್ ಕಡೆ ಹೊರಟಿತು. ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಂ 2021ರಲ್ಲಿ ಡಾಕ್‌ಬುಕ್‌ನಿಂದ ಆಸ್ಕಿಡಾಕ್‌ಗೆ ಬಂತು. ಅವರಿಗೆ ಕಾರಣ ಇತ್ತು, ಸಾಗಿಸೋಕೆ ಸರಕೂ ಇತ್ತು. ಅವರನ್ನು ನೋಡಿ ಮೂರು ಪುಟದ ರೀಡ್‌ಮಿ (ಯೋಜನೆಯ ಪರಿಚಯದ ಫೈಲು) ಇಟ್ಟುಕೊಂಡವರೂ ಗಂಟುಮೂಟೆ ಕಟ್ಟುತ್ತಾರೆ. ಅದರಲ್ಲಿ "ಮೊದಲು ಪೈಥಾನ್ 2.6 ಹಾಕಿಕೊಳ್ಳಿ" ಅಂತ ಕಾಲ ಮೀರಿದ ಒಂದು ಸಾಲು. ಅದು ಕಾಶಿ, ಗಯಾ, ರಾಮೇಶ್ವರ ಎಲ್ಲ ಮುಗಿಸಿ ಬಂದ ಅಜ್ಜನ ಹಾಗೆ ಎಲ್ಲ ಫಾರ್ಮ್ಯಾಟುಗಳ ದರ್ಶನ ಪಡೆದಿದೆ. ಡಾಕ್‌ಬುಕ್‌ನಲ್ಲೂ ಇತ್ತು, ಸ್ಫಿಂಕ್ಸ್‌ನಲ್ಲೂ ಇತ್ತು. ಈಗ ಡಾಕುಸಾರಸ್ ಅನ್ನೋ ಜಾಲತಾಣ ಕಟ್ಟುವ ಸಾಧನದಲ್ಲಿ ಡಾರ್ಕ್ ಮೋಡ್ ಸಮೇತ ಕೂತಿದೆ. ತಿದ್ದುವ ಆಲೋಚನೆ ಯಾರಿಗೂ ಬರಲಿಲ್ಲ. ತಿದ್ದಿದರೆ ಒಂದೇ ಸಾಲಿನ ಕಮಿಟ್ (ಬದಲಾವಣೆಯ ದಾಖಲೆ), ಫಾರ್ಮ್ಯಾಟ್ ಬದಲಿಸಿದರೆ ಸಾವಿರಾರು ಸಾಲು. ಯಾವುದು ನೋಡೋಕೆ ಚೆನ್ನ?

ಈ ಸಡಗರದ ಬಿಲ್ ಕಟ್ಟುವವರು ತರ್ಜುಮೆ ಮಾಡುವವರು. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್‌ನಂಥ ಯೋಜನೆಗಳ ಪಠ್ಯವನ್ನು ಕನ್ನಡಕ್ಕೆ ತರುವವರು ಮೂಲ ಸಾಲು, ಅದರ ಅನುವಾದ ಎರಡನ್ನೂ ಜೋಡಿಯಾಗಿ ಇಡುವ ಪಿಓ ಫೈಲುಗಳಲ್ಲಿ ಸಾಲು ಸಾಲಾಗಿ ಕೂತು ಬರೆಯುತ್ತಾರೆ, ಸಂಬಳವೂ ಇಲ್ಲದೆ. ಇಂಗ್ಲಿಷ್ ಸಾಲಿನೊಳಗೆ ಒಂದು ಟ್ಯಾಗ್ ಬದಲಾದರೂ ಅದರ ಕನ್ನಡ ಸಾಲಿಗೆ 'ಫಜ್ಜಿ' (ಮತ್ತೆ ಪರಿಶೀಲಿಸಿ) ಅನ್ನೋ ಮುದ್ರೆ ಬೀಳುತ್ತದೆ. ಅರ್ಥ ಒಂದಿಷ್ಟೂ ಬದಲಾಗಿರುವುದಿಲ್ಲ. ಆದರೂ ಮತ್ತೆ ಎಲ್ಲವನ್ನೂ ಒಂದೊಂದಾಗಿ ನೋಡಿ ಒಪ್ಪಬೇಕು. ಅವರನ್ನು ಕೇಳಿ ಫಾರ್ಮ್ಯಾಟ್ ಆರಿಸಿದವರನ್ನು ನಾನಂತೂ ಕಂಡಿಲ್ಲ.

ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯವರದು ಇನ್ನೊಂದು ವರಸೆ. ಜನ ರೂಢಿಯಂತೆ 'ಮ್ಯಾನ್' ಕಮಾಂಡ್ ಕೊಟ್ಟು ಕೈಪಿಡಿಯ ಪುಟ ತೆರೆಯುತ್ತಾರೆ. ಪೂರ್ತಿ ವಿವರ ಬೇಕಾದರೆ 'ಇನ್ಫೋ' ಅನ್ನೋ ಇನ್ನೊಂದು ಕೈಪಿಡಿ ನೋಡಿ ಅಂತ ಆ ಪುಟದ ಕೊನೆಯಲ್ಲಿ ಗ್ನೂನವರು ಸಾಗಹಾಕುತ್ತಾರೆ. ಅಲ್ಲಿಗೆ ಹೋದವರಿಗೆ ಹೊರಗೆ ಬರೋಕೆ ಯಾವ ಕೀ ಒತ್ತಬೇಕು ಅನ್ನೋದೇ ಮೊದಲ ಪ್ರಶ್ನೆ.

ಪ್ರಾಮಾಣಿಕರು ಅಂದರೆ ಲಿನಕ್ಸ್ ವಿತರಣೆಯಾದ ಡೆಬಿಯನ್‌ನವರು. ಅಲ್ಲಿ ಕಮಾಂಡಿಗೆ ಮ್ಯಾನ್ ಪುಟ ಇಲ್ಲದಿದ್ದರೆ ಅದು ಬಗ್ (ದೋಷ). ಅದಕ್ಕೇ ಹಿಂದೆ 'ಅನ್‌ಡಾಕ್ಯುಮೆಂಟೆಡ್' ಅಂತ ಒಂದು ಪುಟ ಇಟ್ಟಿದ್ದರು. ಪುಟ ಇಲ್ಲದ ಕಮಾಂಡುಗಳನ್ನೆಲ್ಲ ಅದಕ್ಕೇ ಗಂಟು ಹಾಕಬಹುದಿತ್ತು. ತೆರೆದು ನೋಡಿದರೆ, ಇದಕ್ಕೆ ಪುಟ ಇಲ್ಲ ಅಂತ ಹೇಳುವ ಪುಟ! ಆಮೇಲೆ ಆ ಪದ್ಧತಿ ನಿಲ್ಲಿಸಿಬಿಟ್ಟರು. ನಮ್ಮ ಯೋಜನೆಗಳಲ್ಲಿ ಅದನ್ನು ಮತ್ತೆ ತರೋಣ ಅಂತ ನನ್ನ ಸಲಹೆ. ಅದನ್ನ ಮಾರ್ಕ್‌ಡೌನ್‌ನಲ್ಲಿ ಬರೆಯೋಣವಾ, ಆಸ್ಕಿಡಾಕ್‌ನಲ್ಲಾ ಅಂತ ಮಾತ್ರ ಕೇಳಬೇಡಿ.